ಆಸ್ಟ್ರೇಲಿಯಾದ ಅಬೊರಿಜಿನಲ್ ಭಾಷೆಗಳು, ಕತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬರುವ ನೆಂಟರು, ಸಿಡ್ನಿಗೆ ಹೊಸದಾಗಿ ಬಂದ ಸ್ನೇಹಿತರು, ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಸಹಾಯ ಮಾಡಲು ಹೊರಟ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥವು ಆಮೇಲೆ.

ಇಲ್ಲಿನ ರೂಢಿಯಂತೆ ಒಂದು ಸೂಚನೆ: ಈ ಪುಟದಲ್ಲಿ ತೀರಿಹೋದ ಕೆಲವು ಅಬೊರಿಜಿನಲ್ (ಅಂದರೆ ಇಲ್ಲಿನ ಮೂಲನಿವಾಸಿ) ವ್ಯಕ್ತಿಗಳ ಹೆಸರುಗಳಿವೆ. ಯಾಕೆ ಈ ಸೂಚನೆ ಅನ್ನುವುದಕ್ಕೂ ಕೆಳಗೆ ಉತ್ತರವಿದೆ.

## ಮೊದಲಿಗೆ

ಅಬೊರಿಜಿನಲ್ ಭಾಷೆ ಅಂದರೆ ಒಂದೇ ಭಾಷೆ ತಾನೇ?

ಅಲ್ಲ. 1788ರಲ್ಲಿ ಬ್ರಿಟಿಷರು ಬಂದು ಇಳಿದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಳನುಡಿಗಳನ್ನೂ ಎಣಿಸಿದರೆ ಇನ್ನೂ ಎಷ್ಟೋ ನೂರು ಜಾಸ್ತಿ. ದೇಶದ ಬಹುಭಾಗದಲ್ಲಿ ಹರಡಿರುವ ಭಾಷೆಗಳನ್ನು ಪಾಮಾ-ನ್ಯುಂಗನ್ ಅನ್ನುವ ಒಂದು ದೊಡ್ಡ ಕುಟುಂಬಕ್ಕೆ ಸೇರಿಸುತ್ತಾರೆ. ಉತ್ತರದ ಆರ್ನೆಮ್ ಲ್ಯಾಂಡ್ ಮತ್ತು ಕಿಂಬರ್ಲಿಯ ಕಡೆ ಹೋದರೆ ಕತೆಯೇ ಬೇರೆ. ಅಷ್ಟು ಸಣ್ಣ ಜಾಗದಲ್ಲಿ ಹಲವಾರು ಬೇರೆ ಬೇರೆ ಕುಟುಂಬಗಳು ಒತ್ತೊತ್ತಾಗಿವೆ.

ಒಬ್ಬರಿಗೆ ಮೂರು ನಾಲ್ಕು ಭಾಷೆ ಬರುವುದು ಅಲ್ಲಿ ಮಾಮೂಲಿ ಸಂಗತಿಯಾಗಿತ್ತು. ಅಪ್ಪನ ಕಡೆಯದು ಒಂದು, ಅಮ್ಮನ ಕಡೆಯದು ಒಂದು, ಹೆಂಡತಿಯ ಊರಿನದು ಇನ್ನೊಂದು. ಬೆಂಗಳೂರಿನ ಬೀದಿಯಲ್ಲಿ ಬೆಳೆದವರಿಗೆ ಇದೇನೂ ವಿಚಿತ್ರ ಅನಿಸುವುದಿಲ್ಲ. ಒಂದೇ ಭಾಷೆಯಲ್ಲಿ ಬೆಳೆದ ಇಂಗ್ಲಿಷರಿಗೆ ವಿಚಿತ್ರ ಅನಿಸಿತ್ತು.

ಈಗಲೂ ಯಾರಾದರೂ ಮಾತಾಡ್ತಾರಾ?

ಹೌದು. 2021ರ ಜನಗಣತಿಯಲ್ಲಿ ಸುಮಾರು 77,000 ಜನ ಮನೆಯಲ್ಲಿ ಮೂಲನಿವಾಸಿ ಭಾಷೆಯೊಂದನ್ನು ಬಳಸುತ್ತೇವೆ ಎಂದು ಬರೆಸಿದ್ದಾರೆ. ಅಂಥ ಭಾಷೆಗಳ ಸಂಖ್ಯೆ 150ಕ್ಕೂ ಹೆಚ್ಚು. ಆದರೆ ಈ ಅಂಕಿ ನೋಡಿ ಸಮಾಧಾನಪಡಬೇಡಿ. ಮಕ್ಕಳು ತೊಟ್ಟಿಲಿನಿಂದಲೇ ಕಲಿಯುತ್ತಿರುವ, ಗಟ್ಟಿಯಾಗಿರುವ ಹಳೆಯ ಭಾಷೆಗಳು ಹನ್ನೆರಡರ ಆಸುಪಾಸು ಅಷ್ಟೇ. ಮಧ್ಯ ಆಸ್ಟ್ರೇಲಿಯಾದ ವಳ್ಪಿರಿ, ಪಿಚಂಚಚರ, ಉತ್ತರದ ಯೊಲ್ಙು ಮಾತ, ಮುರಿನ್‌ಪತ ಇಂಥವು. ಉಳಿದವುಗಳಲ್ಲಿ ಕೆಲವನ್ನು ಅಜ್ಜ ಅಜ್ಜಿಯರು ಮಾತ್ರ ಮಾತಾಡುತ್ತಾರೆ. ಕೆಲವು ಹಾಡು, ಹೆಸರು, ಬೈಗುಳಗಳಲ್ಲಿ ಉಳಿದಿವೆ.

ಟೊರೆಸ್ ಸ್ಟ್ರೈಟ್ ಐಲ್ಯಾಂಡರ್ ಅಂತ ಬೇರೆ ಹೇಳ್ತಾರಲ್ಲ, ಅವರೂ ಇವರೂ ಒಂದೇ ಅಲ್ವಾ?

ಬೇರೆ ಜನ. ಆಸ್ಟ್ರೇಲಿಯಾದ ಉತ್ತರ ತುದಿಗೂ ಪಾಪುವಾ ನ್ಯೂಗಿನಿಗೂ ನಡುವಿನ ದ್ವೀಪಗಳವರು. ಪೂರ್ವದ ದ್ವೀಪಗಳ ಮೆರಿಯಮ್ ಮಿರ್ ಪಾಪುವಾ ಕಡೆಯ ಭಾಷೆ. 1992ರಲ್ಲಿ ಆಸ್ಟ್ರೇಲಿಯಾದ ಭೂಮಿ ಕಾನೂನನ್ನೇ ಬದಲಿಸಿದ ಮೊಕದ್ದಮೆ ಹೂಡಿದ್ದ ಎಡ್ಡಿ ಮಾಬೊ ಮೆರಿಯಮ್ ಜನರವರು. ಈ ಪುಟದಲ್ಲಿ ಹೆಚ್ಚಾಗಿ ಮುಖ್ಯಭೂಮಿಯ ಭಾಷೆಗಳ ಬಗ್ಗೆಯೇ ಹೇಳುತ್ತಿದ್ದೇನೆ.

## ಭಾಷೆಯ ಒಳಗೆ

ಕನ್ನಡಕ್ಕೂ ಅಬೊರಿಜಿನಲ್ ಭಾಷೆಗಳಿಗೂ ನೆಂಟಸ್ತಿಕೆ ಇದೆ ಅಂತ ವಾಟ್ಸಾಪಲ್ಲಿ ಬಂದಿತ್ತು. ನಿಜವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಚುಟುಕಾಗಿ ಹೇಳುವುದಾದರೆ, ನೆಂಟಸ್ತಿಕೆಗೆ ಪುರಾವೆ ಇಲ್ಲ. ಆದರೆ ಈ ಮಾತು ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ.

ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 1856ರಷ್ಟು ಹಿಂದೆಯೇ ಎರಡರ ನಡುವೆ ಹೋಲಿಕೆ ಕಂಡಿದ್ದರು. ಹೋಲಿಕೆ ಕಣ್ಣಿಗೆ ಹೊಡೆಯುವಂಥದ್ದೇ. ಎರಡೂ ಕಡೆ ಪದದ ಕೊನೆಗೆ ಪ್ರತ್ಯಯ ಅಂಟಿಸುತ್ತಾ ಹೋಗುತ್ತೇವೆ. ಎರಡೂ ಕಡೆ ನಾಲಗೆ ಮಡಚಿ ಹೇಳುವ ಟ, ಣ, ಳ ಇವೆ. ವಳ್ಪಿರಿ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ಬರೆಯುವಾಗ ಆರ್ ಮತ್ತು ಎಲ್ ಎರಡನ್ನೂ ಸೇರಿಸಿ ಒದ್ದಾಡುತ್ತಾರೆ. ನಾವು ಸುಮ್ನೆ ಳ ಅಂತ ಬರೆದರೆ ಮುಗಿಯಿತು. ಇನ್ನೊಂದು ತಮಾಷೆ ಇದೆ. ನಮ್ಮ ವರ್ಣಮಾಲೆಯಲ್ಲಿ ಹೆಸರಿಗಷ್ಟೇ ಇರುವ ಙ, ಅಲ್ಲಿ ಪದದ ಮೊದಲಲ್ಲೇ ಬರುವ ದಿನಬಳಕೆಯ ಅಕ್ಷರ. ಒಂದನೇ ತರಗತಿಯಲ್ಲಿ ಕಲಿತು ಬಿಟ್ಟಿದ್ದ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಆದರೆ ಸದ್ದು ಹೋಲುತ್ತದೆ ಎಂದ ಮಾತ್ರಕ್ಕೆ ಭಾಷೆಗಳು ಅಕ್ಕತಂಗಿಯರಾಗುವುದಿಲ್ಲ. ಕನ್ನಡದ ಹ ಇರುವ ಕಡೆ ತಮಿಳಿನಲ್ಲಿ ಪ ಇರುತ್ತದೆ: ಹಾಲು, ಪಾಲ್, ಹತ್ತು, ಪತ್ತು. ಹೀಗೆ ನೂರಾರು ಪದಗಳಲ್ಲಿ ಒಂದೇ ನಿಯಮ ನಡೆದರೆ ಅದು ನೆಂಟಸ್ತಿಕೆಯ ಸಾಕ್ಷಿ. ದ್ರಾವಿಡಕ್ಕೂ ಆಸ್ಟ್ರೇಲಿಯಾಕ್ಕೂ ನಡುವೆ ಅಂಥ ನಿಯಮವನ್ನು ಯಾರೂ ತೋರಿಸಿಲ್ಲ. ಅಲ್ಲದೆ ಆ ಭಾಷೆಗಳ ಸ್ವಭಾವವೂ ಬೇರೆ. ಹೆಚ್ಚಿನವುಗಳಲ್ಲಿ ಸ, ಶ, ಹ ಇಲ್ಲ. ಪ-ಬ, ಕ-ಗ ನಡುವೆ ವ್ಯತ್ಯಾಸವಿಲ್ಲ. ಬಹಳಷ್ಟು ಭಾಷೆಗಳು ಅ, ಇ, ಉ ಎಂಬ ಮೂರೇ ಸ್ವರಗಳಲ್ಲಿ ಸಂಸಾರ ಸಾಗಿಸುತ್ತವೆ.

ಡಿಎನ್ಎ ವಿಚಾರವನ್ನೂ ಯಾರಾದರೂ ಎತ್ತುತ್ತಾರೆ. ಸುಮಾರು 4,000 ವರ್ಷದ ಹಿಂದೆ ಭಾರತದಿಂದ ಜನ ಅಲ್ಲಿಗೆ ಹೋಗಿರಬಹುದು ಎಂದು 2013ರ ಒಂದು ಅಧ್ಯಯನ ಹೇಳಿತು. ವಾಟ್ಸಾಪ್ ಹಿಡಿದುಕೊಂಡಿದ್ದು ಅದನ್ನೇ. 2016ರಲ್ಲಿ ಅಬೊರಿಜಿನಲ್ ಗಂಡಸರ ವೈ ಕ್ರೋಮೋಸೋಮನ್ನು ವಿವರವಾಗಿ ನೋಡಿದ ಇನ್ನೊಂದು ತಂಡಕ್ಕೆ ಅದರ ಗುರುತು ಸಿಗಲಿಲ್ಲ. ಆ ಸುದ್ದಿ ಮಾತ್ರ ಯಾವ ಗ್ರೂಪಿಗೂ ಫಾರ್ವರ್ಡ್ ಆಗಲಿಲ್ಲ.

ಎಡ, ಬಲ ಅನ್ನೋದೇ ಇಲ್ಲದ ಭಾಷೆ ಇದೆಯಂತೆ. ಮತ್ತೆ ದಾರಿ ಹೇಗೆ ಹೇಳ್ತಾರೆ?

ದಿಕ್ಕಿನಿಂದ. ಕ್ವೀನ್ಸ್‌ಲ್ಯಾಂಡಿನ ಕುಕ್‌ಟೌನ್ ಹತ್ತಿರ ಹೋಪ್‌ವೇಲ್ ಎಂಬ ಊರಿದೆ. ಅಲ್ಲಿನ ಭಾಷೆ ಗೂಗು ಯಿಮಿದಿರ್. ಅದರಲ್ಲಿ "ಸ್ವಲ್ಪ ಬಲಕ್ಕೆ ಸರಿ" ಅನ್ನುವುದಿಲ್ಲ, "ಸ್ವಲ್ಪ ಪೂರ್ವಕ್ಕೆ ಸರಿ" ಅನ್ನುತ್ತಾರೆ. ಕತ್ತಲಲ್ಲಾಗಲಿ, ಕೋಣೆಯೊಳಗಾಗಲಿ, ದಿಕ್ಕು ಯಾವಾಗಲೂ ಗೊತ್ತಿರಬೇಕು.

ಇದು ಕತೆ ಹೇಳುವ ರೀತಿಗೂ ಇಳಿದಿದೆ. ಅಲ್ಲಿನ ಹಿರಿಯರೊಬ್ಬರು ಸಮುದ್ರದಲ್ಲಿ ದೋಣಿ ಮಗುಚಿ ಈಜಿ ಬಂದ ತಮ್ಮ ಅನುಭವ ಹೇಳಿದ್ದನ್ನು ಸಂಶೋಧಕರು 1980ರಲ್ಲಿ ಚಿತ್ರೀಕರಿಸಿದರು. ಅಂದು ಅವರು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ದೋಣಿ ಉರುಳಿದ್ದನ್ನು ಕೈಯನ್ನು ಮುಂದಕ್ಕೆ ಉರುಳಿಸಿ ತೋರಿಸಿದರು. ಎರಡು ವರ್ಷದ ನಂತರ ಅದೇ ಕತೆಯನ್ನು ಇನ್ನೊಬ್ಬ ಸಂಶೋಧಕರಿಗೆ ಹೇಳಿದರು. ಈ ಸಲ ಮುಖ ಉತ್ತರಕ್ಕಿತ್ತು. ಕೈ ಈಗ ಬಲಗಡೆಯಿಂದ ಎಡಗಡೆಗೆ ಉರುಳಿತು. ಅಂದರೆ ಎರಡು ಸಲವೂ ಪೂರ್ವದಿಂದ ಪಶ್ಚಿಮಕ್ಕೆ, ದೋಣಿ ನಿಜವಾಗಿ ಉರುಳಿದ ದಿಕ್ಕಿಗೆ. ಹೇಳುವವರು ಎತ್ತ ತಿರುಗಿದರೂ ಕತೆಯ ದಿಕ್ಕು ತಿರುಗುವುದಿಲ್ಲ.

ಅತ್ತೆ ಎದುರು ಬೇರೆ ಭಾಷೆ ಮಾತಾಡಬೇಕು ಅಂತಾರಲ್ಲ, ಅದು ತಮಾಷೆಗಾ?

ತಮಾಷೆಯಲ್ಲ, ಮರ್ಯಾದೆ. ಉತ್ತರ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಜಿರ್ಬಲ್ ಜನರಲ್ಲಿ ಎರಡು ಮಾತಿನ ರೀತಿಗಳಿದ್ದವು. ಗುವಲ್ ದಿನನಿತ್ಯದ್ದು. ಜಲ್ಙುಯ್, ಅತ್ತೆ-ಅಳಿಯನಂಥ ದೂರ ಕಾಯಬೇಕಾದ ನೆಂಟರು ಕಿವಿಗೆ ಬೀಳುವಷ್ಟು ಹತ್ತಿರ ಇದ್ದಾಗ ಬಳಸುವಂಥದ್ದು. ವ್ಯಾಕರಣ ಅದೇ, ಉಚ್ಚಾರ ಅದೇ, ಆದರೆ ಪದಗಳು ಹೆಚ್ಚುಕಡಿಮೆ ಎಲ್ಲವೂ ಬೇರೆ. ಜಲ್ಙುಯ್‌ನಲ್ಲಿ ಪದಗಳು ಕಡಿಮೆ. ಹಾಗಾಗಿ ಗುವಲ್‌ನ ನಾಲ್ಕೈದು ಪದಗಳಿಗೆ ಅಲ್ಲಿ ಒಂದೇ ಪದ ಸಾಕಾಗುತ್ತದೆ. ಈ ಬಳಕೆ ಸುಮಾರು 1930ರ ಹೊತ್ತಿಗೆ ನಿಂತಿತು.

ಇದಕ್ಕಿಂತ ಸೋಜಿಗದ್ದು ಡಮಿನ್. ಕಾರ್ಪೆಂಟೇರಿಯಾ ಕೊಲ್ಲಿಯ ಮಾರ್ನಿಂಗ್ಟನ್ ದ್ವೀಪದ ಲಾರ್ಡಿಲ್ ಗಂಡಸರು ದೀಕ್ಷೆಯ ಹೊತ್ತಿನಲ್ಲಿ ಕಲಿಯುತ್ತಿದ್ದ ನುಡಿ. ಅದರಲ್ಲಿ ನಾಲಗೆಯಿಂದ ಲೊಚಗುಟ್ಟುವ ಸದ್ದುಗಳಿದ್ದವು. ಆಫ್ರಿಕಾದ ಹೊರಗೆ ಅಂಥ ಸದ್ದುಗಳನ್ನು ಪದದೊಳಗೆ ಬಳಸಿದ್ದು ಜಗತ್ತಿನಲ್ಲಿ ಇದೊಂದೇ.

ಟಿವಿಯಲ್ಲಿ "ತೀರಿಹೋದವರ ಚಿತ್ರಗಳಿವೆ" ಅಂತ ಎಚ್ಚರಿಕೆ ಯಾಕೆ ಹಾಕ್ತಾರೆ?

ಹಲವು ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಶೋಕದ ಕಾಲ ಮುಗಿಯುವವರೆಗೆ ಎತ್ತುವುದಿಲ್ಲ. ಚಿತ್ರ, ದನಿಯೂ ಅಷ್ಟೇ. ಕೆಲವು ತಿಂಗಳಿರಬಹುದು, ಎಷ್ಟೋ ವರ್ಷವೂ ಆಗಬಹುದು. ಅದೇ ಹೆಸರಿನ ಬೇರೆಯವರು ಊರಲ್ಲಿದ್ದರೆ ಅವರನ್ನೂ ಬೇರೆ ಹೆಸರಿನಿಂದ ಕರೆಯಬೇಕು. ಮಧ್ಯ ಆಸ್ಟ್ರೇಲಿಯಾದಲ್ಲಿ ಕುಮಂಜಯಿ ಎಂಬ ಬದಲಿ ಹೆಸರು ಇದಕ್ಕೆಂದೇ ಇದೆ. ಎಲ್ಲ ಸಮುದಾಯಗಳಲ್ಲೂ ಈ ನಿಯಮ ಒಂದೇ ಥರ ಇಲ್ಲ, ಹಾಗಾಗಿ ಕೇಳಿ ತಿಳಿಯುವುದು ವಾಸಿ.

## ಕತೆಗಳು

ಡ್ರೀಮ್‌ಟೈಮ್ ಕತೆ ಅಂದರೆ ನಮ್ಮ ಪುರಾಣದ ಥರನೇ ತಾನೇ?

ಸ್ವಲ್ಪ ಮಟ್ಟಿಗೆ. ಪೂರ್ವಜರು ನಡೆದಾಡಿ ಬೆಟ್ಟ, ನದಿ, ಪ್ರಾಣಿಗಳನ್ನು ಮಾಡಿದರು ಎಂಬುದು ನಮಗೆ ಪರಿಚಿತವಾದ ಧಾಟಿಯೇ. ಆದರೆ ಎರಡು ದೊಡ್ಡ ವ್ಯತ್ಯಾಸಗಳಿವೆ.

ಒಂದು, ಇದು ಮುಗಿದುಹೋದ ಯುಗದ ಕತೆಯಲ್ಲ. ಪಿಚಂಚಚರದಲ್ಲಿ ಚುಕುರ್ಪ, ವಳ್ಪಿರಿಯಲ್ಲಿ ಜುಕುರ್ಪ ಎನ್ನುವುದು ಆಗಲೂ ಇತ್ತು, ಈಗಲೂ ಇದೆ. ಯಾರು ಯಾರನ್ನು ಮದುವೆಯಾಗಬೇಕು, ಯಾವ ಪ್ರಾಣಿಯನ್ನು ಯಾರು ತಿನ್ನಬಾರದು, ಯಾವ ನೀರಿನ ಹೊಂಡವನ್ನು ಯಾರು ನೋಡಿಕೊಳ್ಳಬೇಕು ಎಂಬ ಕಾನೂನೂ ಅದರಲ್ಲೇ ಇದೆ. ಡ್ರೀಮ್‌ಟೈಮ್ ಅನ್ನುವುದು 1890ರ ದಶಕದಲ್ಲಿ ಬಿಳಿಯರು ಚಾಲ್ತಿಗೆ ತಂದ ಇಂಗ್ಲಿಷ್ ಪದ. ಈಗ ಹಲವರು ತಮ್ಮ ಭಾಷೆಯ ಪದವನ್ನೇ ಬಳಸುತ್ತಾರೆ.

ಎರಡು, ಕತೆ ಒಂದು ಜಾಗಕ್ಕೆ ಅಂಟಿಕೊಂಡಿದೆ. "ಒಂದಾನೊಂದು ಊರಿನಲ್ಲಿ" ಎಂದು ಶುರು ಮಾಡಿದರೆ ಅಲ್ಲಿ ಕತೆಯೇ ಅಲ್ಲ. ಯಾವ ಊರು, ಯಾವ ಬಂಡೆ, ಅದು ಯಾರದ್ದು ಎಂದು ಹೇಳಬೇಕು.

ಸಾಂಗ್‌ಲೈನ್ ಅಂದರೆ ಏನು? ಹಾಡಾ, ದಾರಿಯಾ?

ಎರಡೂ. ಪೂರ್ವಜರು ನಡೆದ ದಾರಿ, ಮತ್ತು ಆ ದಾರಿಯ ಒಂದೊಂದು ತಾಣಕ್ಕೂ ಇರುವ ಹಾಡು. ಹಾಡುಗಳನ್ನು ಸರಿಯಾದ ಕ್ರಮದಲ್ಲಿ ಬಲ್ಲವರಿಗೆ ಮುಂದಿನ ನೀರು ಎಲ್ಲಿದೆ, ಯಾವ ಗುಡ್ಡ ಬಳಸಿ ಹೋಗಬೇಕು ಎಂದು ಗೊತ್ತಿರುತ್ತದೆ. ಮರುಭೂಮಿಯಲ್ಲಿ ಇದು ಸಾವು ಬದುಕಿನ ಪ್ರಶ್ನೆ.

ಅತ್ಯಂತ ಹೆಸರಾದದ್ದು ಏಳು ಅಕ್ಕತಂಗಿಯರ ದಾರಿ. ಪಶ್ಚಿಮದ ಮರುಭೂಮಿಗಳ ಉದ್ದಕ್ಕೂ ಒಬ್ಬ ಮಾಟಗಾರ ಏಳು ಹೆಣ್ಣುಮಕ್ಕಳ ಬೆನ್ನು ಹತ್ತುತ್ತಾನೆ. ಮಾರ್ತು ಜನರ ನೆಲದಲ್ಲಿ ಅವನು ಯುಳ. ಪೂರ್ವಕ್ಕೆ ಬಂದಂತೆ ಅವನ ಹೆಸರು ವಾತಿ ನ್ಯಿರು. ಭಾಷೆ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಕತೆ ಮುಂದಕ್ಕೆ ನಡೆಯುತ್ತದೆ. ಒಂದು ಜನ ತಮ್ಮ ಗಡಿವರೆಗಿನ ಭಾಗ ಹಾಡುತ್ತಾರೆ, ಮುಂದಿನದು ಮುಂದಿನವರ ಪಾಲು. ಅವನು ರೂಪ ಬದಲಿಸಿ ಮರವಾಗುತ್ತಾನೆ, ಹಣ್ಣಾಗುತ್ತಾನೆ, ಹಾವಾಗುತ್ತಾನೆ. ಹುಡುಗಿಯರು ತಪ್ಪಿಸಿಕೊಂಡು ಕೊನೆಗೆ ಆಕಾಶ ಸೇರುತ್ತಾರೆ. ಅವನು ಅಲ್ಲೂ ಬೆನ್ನಟ್ಟುತ್ತಾನೆ. ಆ ನಕ್ಷತ್ರಗಳೇ ನಮ್ಮ ಕೃತ್ತಿಕೆ.

ಹೊಸ ತಲೆಮಾರು ಇದನ್ನು ಕಲಿಯುತ್ತಿಲ್ಲ ಎಂಬ ಚಿಂತೆಯಿಂದ ಅಲ್ಲಿನ ಹಿರಿಯರೇ ಕ್ಯಾನ್‌ಬೆರಾದ ರಾಷ್ಟ್ರೀಯ ಮ್ಯೂಸಿಯಮ್ಮಿನವರನ್ನು ಸಹಾಯಕ್ಕೆ ಕರೆದರು. 2017ರಲ್ಲಿ ಅದು ದೊಡ್ಡ ಪ್ರದರ್ಶನವಾಯಿತು. ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂದು ತೀರ್ಮಾನಿಸಿದವರೂ ಹಿರಿಯರೇ.

ಬರವಣಿಗೆಯೇ ಇರಲಿಲ್ಲ. ಹತ್ತು ಸಾವಿರ ವರ್ಷದ ಹಿಂದಿನದು ನೆನಪಿದೆ ಅಂದರೆ ನಂಬೋದು ಹೇಗೆ?

ಅನುಮಾನ ಸರಿಯಾದದ್ದೇ. ನಾವು ಮುತ್ತಜ್ಜನ ಅಪ್ಪನ ಹೆಸರು ಹೇಳಲು ತಡವರಿಸುತ್ತೇವೆ. ಆದ್ದರಿಂದ ಕತೆಗಳನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮರ್ರೆ ನದಿ ಸಮುದ್ರ ಸೇರುವ ಕಡೆ ಙರಿಂಜೆರಿ ಜನರಿದ್ದಾರೆ. ಅವರ ಪೂರ್ವಜ ಙುರುಂದೇರಿ. ಪೊಂಡೆ ಎಂಬ ದೈತ್ಯ ಮೀನನ್ನು ಅವನು ಅಟ್ಟಿಸಿಕೊಂಡು ಬಂದಾಗ ಅದರ ಬಾಲದ ಹೊಡೆತಕ್ಕೆ ನದಿಯ ತಿರುವುಗಳಾದವು. ಅವನ ಇಬ್ಬರು ಹೆಂಡತಿಯರು ಹೆಂಗಸರು ತಿನ್ನಬಾರದ ಮೀನನ್ನು ಸುಟ್ಟು ತಿಂದರು. ವಾಸನೆ ಅವನ ಮೂಗಿಗೆ ಬಡಿಯಿತು. ಅವರು ಓಡಿದರು. ಓಡುತ್ತಾ ಇಂದಿನ ಕಾಂಗರೂ ಐಲ್ಯಾಂಡಿನ ಕಡೆಗೆ ನಡೆದೇ ದಾಟತೊಡಗಿದರು. ಅವನು ಸಿಟ್ಟಿನಿಂದ ಕೂಗಿ ನೀರನ್ನು ಮೇಲೆಬ್ಬಿಸಿದ. ಇಬ್ಬರೂ ಮುಳುಗಿ ಕಲ್ಲಾದರು. ದಿ ಪೇಜಸ್ ಎಂದು ಕರೆಯುವ ಆ ಪುಟ್ಟ ದ್ವೀಪಗಳು ಈಗಲೂ ನೀರಿನ ನಡುವೆ ನಿಂತಿವೆ.

ಇಲ್ಲಿ ಗಮನಿಸಬೇಕಾದ್ದು "ನಡೆದೇ" ಎನ್ನುವುದು. ಇಂದು ಅಲ್ಲಿ ಹರಿಯುವುದು ಬಿರುಸಾದ ಸಮುದ್ರ. ಆ ದ್ವೀಪಕ್ಕೆ ನೆಲದ ಮೇಲೆ ನಡೆದು ಹೋಗಬಹುದಾಗಿದ್ದದ್ದು ಹಿಮಯುಗದ ಕೊನೆಯಲ್ಲಿ, ಸುಮಾರು 10,000 ವರ್ಷದ ಹಿಂದೆ. ಪ್ಯಾಟ್ರಿಕ್ ನನ್ ಎಂಬ ಭೂಗೋಳ ತಜ್ಞರೂ ನಿಕೊಲಸ್ ರೀಡ್ ಎಂಬ ಭಾಷಾ ತಜ್ಞರೂ ಸೇರಿ ಕರಾವಳಿಯ ಸುತ್ತ 21 ಕಡೆ ಹೀಗೆ ಸಮುದ್ರ ಏರಿ ನೆಲ ನುಂಗಿದ ಕತೆಗಳನ್ನು ಕಲೆಹಾಕಿದರು. ಅಲ್ಲಿ ಸಮುದ್ರ ಏರುವುದು ನಿಂತು ಸುಮಾರು 7,000 ವರ್ಷವಾಗಿದೆ. ಹಾಗಾದರೆ ಕತೆಗಳು ಅದಕ್ಕಿಂತ ಹಳೆಯವು ಎಂಬುದು ಅವರ ವಾದ.

ನನಗೆ ಇದಕ್ಕಿಂತ ಹಿಡಿಸುವುದು ಈಚಮ್ ಕೆರೆಯ ಕತೆ. ಜಿರ್ಬಲ್ ನಾಡಿನ ಪಕ್ಕದ ಈ ಕೆರೆ ಜ್ವಾಲಾಮುಖಿಯ ಬಾಯಿಯಲ್ಲಿ ತುಂಬಿದ ನೀರು. ಹೊಸದಾಗಿ ದೀಕ್ಷೆ ಪಡೆದ ಇಬ್ಬರು ಹುಡುಗರು ನಿಯಮ ಮುರಿದರು, ನೆಲ ಬಿರಿಯಿತು, ಆಕಾಶ ಕೆಂಪಾಯಿತು, ಜನರನ್ನೆಲ್ಲ ನೆಲ ನುಂಗಿತು ಎಂದು ಕತೆ. 1960ರ ದಶಕದಲ್ಲಿ ಇದನ್ನು ಭಾಷಾ ತಜ್ಞ ಡಿಕ್ಸನ್ ಅವರಿಗೆ ಹೇಳಿದ ಹಿರಿಯರು ನಡುವೆ ಒಂದು ಮಾತು ಸೇರಿಸಿದರು: ಆಗ ಇಲ್ಲಿ ಈ ದಟ್ಟ ಕಾಡು ಇರಲಿಲ್ಲ, ಬರೀ ಕುರುಚಲು ಇತ್ತು. ಆಮೇಲೆ ಅಲ್ಲಿನ ಕೆಸರಿನ ಪರಾಗ ಪರೀಕ್ಷಿಸಿದಾಗ ಮಳೆಕಾಡು ಅಲ್ಲಿಗೆ ಬಂದು ಏಳೂವರೆ ಸಾವಿರ ವರ್ಷದ ಆಸುಪಾಸು ಎಂದು ಗೊತ್ತಾಯಿತು. ಕುರುಚಲಿನ ಮಾತು ಕತೆಗೆ ಬೇಕಾಗಿಯೇ ಇರಲಿಲ್ಲ, ಅಲ್ವಾ? ಬೇಡದ ವಿವರ ಉಳಿದಿದೆ ಎಂಬುದೇ ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ.

ಹೇಗೆ ಉಳಿಯಿತು? ರೀಡ್ ಹೇಳುವ ಕಾರಣ ಇದು. ಅಪ್ಪ ಮಗನಿಗೆ ಕತೆ ಕಲಿಸುತ್ತಾನೆ. ಮಗ ಸರಿಯಾಗಿ ಹೇಳುತ್ತಿದ್ದಾನಾ ಎಂದು ನೋಡುವ ಹೊಣೆ ಬೇರೆ ಸಂಬಂಧದ, ಬೇರೆ ತಲೆಮಾರಿನ ನೆಂಟರದ್ದು. ತಪ್ಪಿದರೆ ತಿದ್ದುತ್ತಾರೆ. ಎಲ್ಲ ಪಂಡಿತರೂ ಇದನ್ನು ಒಪ್ಪಿಲ್ಲ. ದ್ವೀಪ ನೋಡಿದ ಜನ ಆಮೇಲೆ ಕಟ್ಟಿದ ಕತೆಯೂ ಆಗಿರಬಹುದು ಎನ್ನುವವರಿದ್ದಾರೆ. ಒಂದೊಂದೇ ಕತೆಗೆ ಆ ಮಾತು ಹೇಳಬಹುದು. ಇಪ್ಪತ್ತೊಂದಕ್ಕೂ ಹೇಳುವುದು ಕಷ್ಟ.

ಚುಕ್ಕೆ ಚುಕ್ಕೆ ಪೇಂಟಿಂಗ್‌ಗಳಲ್ಲೂ ಕತೆ ಇರುತ್ತಾ?

ಇರುತ್ತದೆ. ಆದರೆ ಕ್ಯಾನ್ವಾಸಿಗೆ ಮೊದಲು ಮರಳಿತ್ತು. ಮಧ್ಯ ಆಸ್ಟ್ರೇಲಿಯಾದ ಹೆಂಗಸರು ನೆಲದಲ್ಲಿ ಕೂತು ಮುಂದಿನ ಮರಳನ್ನು ಅಂಗೈಯಿಂದ ಸವರಿ ನುಣುಪು ಮಾಡುತ್ತಾರೆ. ಕುದುರೆ ಲಾಳದ ಆಕಾರದ ಒಂದು ಗೆರೆ, ಅದು ಕೂತಿರುವ ಮನುಷ್ಯ. ಪಕ್ಕದಲ್ಲೊಂದು ಗೀಟು, ಅದು ಅಗೆಯುವ ಕೋಲು. ಮಾತು, ಹಾಡು, ಕೈಸನ್ನೆ, ಗೆರೆ ಎಲ್ಲವೂ ಒಟ್ಟಿಗೆ ಸಾಗುತ್ತವೆ. ದೃಶ್ಯ ಮುಗಿದಾಗ ಅಂಗೈಯಿಂದ ಅಳಿಸಿ ಮುಂದಿನದು ಶುರು. ಹುಡುಗಿಯರು ಎಲೆಗಳನ್ನು ನೆಟ್ಟು ಅಪ್ಪ, ಅಮ್ಮ, ಮಗು ಮಾಡುತ್ತಾರೆ. ಪಿಚಂಚಚರ ಹುಡುಗಿಯರು ಬಾಗಿದ ಕಡ್ಡಿ ಅಥವಾ ತಂತಿಯಿಂದ ನೆಲ ಬಡಿಯುತ್ತಾ ತಾಳ ಹಾಕುತ್ತಾ ಕತೆ ಹೇಳುತ್ತಾರೆ.

1971ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಆಚೆಯ ಪಪುನ್ಯಾದಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾ ಮೇಷ್ಟ್ರು ಪ್ರೋತ್ಸಾಹ ಕೊಟ್ಟಾಗ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಚಿತ್ರ ಬರೆದರು. ಅಲ್ಲಿಂದ ಬೋರ್ಡಿಗೆ, ಕ್ಯಾನ್ವಾಸಿಗೆ ಬಂತು. ಆರಂಭದ ಚಿತ್ರಗಳು ಗುಟ್ಟಾಗಿರಬೇಕಾದ ಗುರುತುಗಳನ್ನು ಬಯಲು ಮಾಡುತ್ತಿವೆ ಎಂದು ಸುತ್ತಲಿನವರು ಆಕ್ಷೇಪಿಸಿದರು. ಆಮೇಲೆ ಅಂಥವು ಮರೆಯಾದವು, ಚುಕ್ಕೆಗಳು ಹೆಚ್ಚಾದವು. ಹಾಗಾಗಿ ಗ್ಯಾಲರಿಯಲ್ಲಿ ಬರೆದಿರುವ ವಿವರಣೆ ಕತೆಯ ಹೊರಗಿನ ಪದರ ಅಷ್ಟೇ.

## ಕಳೆದದ್ದು, ಉಳಿದದ್ದು

ಇಷ್ಟೊಂದು ಭಾಷೆಗಳು ಯಾಕೆ ಹೋದವು? ಜನರೇ ಬಿಟ್ಟುಬಿಟ್ಟರಾ?

ಬಿಡಿಸಿದರು. 1789ರಲ್ಲೇ ಸಿಡ್ನಿಯ ಸುತ್ತ ಸಿಡುಬು ಹಬ್ಬಿತು. ಆಮೇಲೆ ಭೂಮಿ ಕಸಿದುಕೊಳ್ಳುವಾಗ ನಡೆದ ಕೊಲೆಗಳು. ಉಳಿದವರನ್ನು ಮಿಷನ್‌ಗಳಿಗೂ ಸರ್ಕಾರಿ ಶಿಬಿರಗಳಿಗೂ ಸೇರಿಸಿದರು, ಬೇರೆ ಬೇರೆ ಭಾಷೆಯವರನ್ನು ಒಂದೇ ಕಡೆ. ಹಲವೆಡೆ ಸ್ವಂತ ಭಾಷೆ ಆಡಿದ ಮಕ್ಕಳಿಗೆ ಶಿಕ್ಷೆ. ಸುಮಾರು 1910ರಿಂದ 1970ರವರೆಗೆ ಸಾವಿರಾರು ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತುಕೊಂಡು ಸಂಸ್ಥೆಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿದರು. ಪ್ರಧಾನಿ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಇದಕ್ಕೇ. ಅಜ್ಜಿಯ ಮಡಿಲಿಂದ ಮಗು ಹೋದರೆ ಭಾಷೆ ಒಂದೇ ತಲೆಮಾರಿನಲ್ಲಿ ಕಡಿದುಹೋಗುತ್ತದೆ.

ಯಾರೂ ಮಾತಾಡದ ಭಾಷೆನ ಮತ್ತೆ ಬದುಕಿಸೋಕೆ ಆಗುತ್ತಾ?

ಅಡಿಲೇಡಿನ ಗೌಣ ಭಾಷೆಯನ್ನು ನೋಡಿ. ಅದನ್ನು ಬಲ್ಲ ಕೊನೆಯವರಲ್ಲಿ ಒಬ್ಬರಾದ ಇವಾರಿಚಿ 1929ರಲ್ಲಿ ತೀರಿಹೋದರು. ಆದರೆ ಟೈಕಲ್‌ಮನ್, ಶ್ಯೂರ್‌ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು ಗೌಣದಲ್ಲೇ ಮಕ್ಕಳಿಗೆ ಶಾಲೆ ನಡೆಸಿ, 1840ರಲ್ಲಿ ವ್ಯಾಕರಣ ಮತ್ತು ಸುಮಾರು 2,000 ಪದಗಳ ಪಟ್ಟಿ ಅಚ್ಚು ಹಾಕಿದ್ದರು. 1990ರ ದಶಕದಲ್ಲಿ ಗೌಣ ಜನ ಭಾಷಾ ತಜ್ಞರ ಜೊತೆ ಕೂತು ಅದನ್ನು ಹಿಡಿದು ಹೊರಟರು. ಮೊದಲು ಹಾಡು, ಆಮೇಲೆ ಸ್ವಾಗತ ಭಾಷಣ, ಶಾಲೆಯ ಪಾಠ. ಕಂಪ್ಯೂಟರಿಗೆ ಮಿದುಳು ಮತ್ತು ಮಿಂಚು ಸೇರಿಸಿ ಪದ ಕಟ್ಟಿದರು. ನಮ್ಮ ಗಣಕಯಂತ್ರಕ್ಕಿಂತ ಚೆನ್ನಾಗಿದೆ ಅನ್ನುವುದು ನನ್ನ ಅಭಿಪ್ರಾಯ.

ಟಾಸ್ಮೇನಿಯಾದ್ದು ಇನ್ನೂ ಕಷ್ಟದ ಕೆಲಸ. ಅಲ್ಲಿನ ಹಲವು ಭಾಷೆಗಳ ಚೂರುಪಾರುಗಳಿಂದ ಪಲವಾ ಕಾನಿ ಎಂಬ ಒಂದೇ ಭಾಷೆಯನ್ನು ಕಟ್ಟಿದ್ದಾರೆ. ಫ್ಯಾನಿ ಕಾಕ್ರೇನ್ ಸ್ಮಿತ್ ಎಂಬ ಹೆಂಗಸು 1899 ಮತ್ತು 1903ರಲ್ಲಿ ಮೇಣದ ಸಿಲಿಂಡರಿಗೆ ಹಾಡಿಕೊಟ್ಟ ಹಾಡುಗಳಷ್ಟೇ ಅಲ್ಲಿನ ಮೂಲ ದನಿಗೆ ಇರುವ ದಾಖಲೆ.

ಇದು "ನಿಜವಾದ" ಗೌಣವೇ ಎಂದು ಮೂಗೆಳೆಯುವವರೂ ಉಂಟು. ಹಳೆಯದರ ಯಥಾಪ್ರತಿ ಅಲ್ಲ ಎಂದು ಕಲಿಯುವವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಕ್ರಿಯೋಲ್ ಅಂದರೆ ಒಡಕು ಇಂಗ್ಲಿಷ್ ಅಷ್ಟೇ ಅಲ್ವಾ?

ಅಲ್ಲ. ಉತ್ತರ ಆಸ್ಟ್ರೇಲಿಯಾದಲ್ಲಿ ಸುಮಾರು 20,000 ಜನ ಆಡುವ ಪೂರ್ಣ ಭಾಷೆ. ಪದಗಳು ಹೆಚ್ಚಾಗಿ ಇಂಗ್ಲಿಷಿನವು, ಯೋಚನೆಯ ಕಟ್ಟು ಇಲ್ಲಿನದು. "ನಾವು" ಎನ್ನಲು ಅದರಲ್ಲಿ ಬೇರೆ ಬೇರೆ ಪದಗಳಿವೆ. ನೀನೂ ನಾನೂ ಎಂದರೆ ಯುನ್ಮಿ. ನಿನ್ನನ್ನು ಬಿಟ್ಟು ನಾನೂ ಇನ್ನೊಬ್ಬರೂ ಎಂದರೆ ಮಿಂದುಬಲ. ತುಳು, ತಮಿಳು ಬಲ್ಲವರಿಗೆ ಈ ವ್ಯತ್ಯಾಸ ಗೊತ್ತು, ಇಂದಿನ ಕನ್ನಡದಲ್ಲಿ ಇಲ್ಲ. ಇಂಗ್ಲಿಷಿನಲ್ಲಂತೂ ಇಲ್ಲವೇ ಇಲ್ಲ. ಒಡಕು ಯಾವುದು ಹೇಳಿ? ಲಜಮಾನು ಎಂಬ ಊರಿನಲ್ಲಂತೂ ಕಳೆದ ಕೆಲವು ದಶಕಗಳಲ್ಲಿ ಮಕ್ಕಳೇ ವಳ್ಪಿರಿ, ಕ್ರಿಯೋಲ್, ಇಂಗ್ಲಿಷ್ ಬೆರೆಸಿ ಹೊಸ ಭಾಷೆ ಕಟ್ಟಿದ್ದಾರೆ. ತಜ್ಞರು ಅದನ್ನು ಲೈಟ್ ವಳ್ಪಿರಿ ಅನ್ನುತ್ತಾರೆ.

## ನಮಗೆ ಸಂಬಂಧಪಟ್ಟದ್ದು

ಈ ಕತೆಗಳನ್ನು ಕನ್ನಡಕ್ಕೆ ಮಾಡಿ ಯೂಟ್ಯೂಬಲ್ಲಿ ಹಾಕಬಹುದಾ? ಜನಪದ ಕತೆ ಎಲ್ಲರದ್ದೂ ತಾನೇ?

ಇಲ್ಲಿ ಅಲ್ಲ. ಕತೆಗೆ ಹಕ್ಕುದಾರರಿದ್ದಾರೆ. ಯಾರು ಹೇಳಬಹುದು, ಯಾರು ಕೇಳಬಹುದು ಎಂಬುದಕ್ಕೂ ನಿಯಮವಿದೆ. ಕೆಲವು ಹೆಂಗಸರದ್ದು, ಕೆಲವು ಗಂಡಸರದ್ದು, ಕೆಲವು ಮಕ್ಕಳಿಗೂ ಆಗುವಂಥವು.

ಈ ವಿಷಯದಲ್ಲಿ ಹಳೆಯ ಗಾಯಗಳಿವೆ. ಆಸ್ಟ್ರೇಲಿಯಾ 1966ರಲ್ಲಿ ಡಾಲರ್ ತಂದಾಗ ಒಂದು ಡಾಲರ್ ನೋಟಿನ ಹಿಂದೆ ಆರ್ನೆಮ್ ಲ್ಯಾಂಡಿನ ಡೇವಿಡ್ ಮಲಂಗಿಯವರ ತೊಗಟೆ ಚಿತ್ರವನ್ನು ಬಳಸಿತು. ಅವರ ಕುಲದ ಪೂರ್ವಜ ಬೇಟೆಗಾರನ ಸಾವಿನ ಕತೆ ಅದು. ಅವರನ್ನು ಯಾರೂ ಕೇಳಿರಲಿಲ್ಲ. ಆಮೇಲೆ 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನಿನ ಪೆಟ್ಟಿಗೆ ಕೊಟ್ಟರು. ಇಂದು 50 ಡಾಲರ್ ನೋಟಿನ ಮೇಲಿರುವ ಡೇವಿಡ್ ಯುನೈಪನ್ ಙರಿಂಜೆರಿ ಜನರವರು. 1920ರ ದಶಕದಲ್ಲಿ ಅವರು ಬರೆದುಕೊಟ್ಟ ಕತೆಗಳು 1930ರಲ್ಲಿ ಒಬ್ಬ ಬಿಳಿಯ ವೈದ್ಯರ ಹೆಸರಿನಲ್ಲಿ ಪುಸ್ತಕವಾದವು. ಯುನೈಪನ್ ಹೆಸರಲ್ಲೇ ಅವು ಬಂದದ್ದು 2001ರಲ್ಲಿ.

ಹಾಗಾಗಿ ಸಮುದಾಯವೇ ಪ್ರಕಟಿಸಿದ ಕತೆಯನ್ನು ಆರಿಸಿ. ಪ್ರಕಾಶಕರಿಗೆ ಅಥವಾ ಆ ಭಾಷೆಯ ಕೇಂದ್ರಕ್ಕೆ ಬರೆದು ಕೇಳಿ. ಕತೆ ಯಾವ ಜನರದ್ದು, ಹೇಳಿದವರು ಯಾರು ಎಂದು ಮೊದಲ ಸಾಲಿನಲ್ಲೇ ಹಾಕಿ. "ಆಸ್ಟ್ರೇಲಿಯಾದ ಒಂದು ಕಾಡುಜನರ ಕತೆ" ಎಂದು ಮಾತ್ರ ದಯವಿಟ್ಟು ಬರೆಯಬೇಡಿ.

ನಮ್ಮ ಯುಗಾದಿ ಕಾರ್ಯಕ್ರಮದಲ್ಲಿ ವೆಲ್‌ಕಮ್ ಟು ಕಂಟ್ರಿ ನಾವೇ ಹೇಳಬಹುದಾ?

ವೆಲ್‌ಕಮ್, ಅಂದರೆ ಕಾರ್ಯಕ್ರಮದ ಶುರುವಿನಲ್ಲಿ ಬಂದವರನ್ನು ಆ ನೆಲಕ್ಕೆ ಸ್ವಾಗತಿಸುವ ಮಾತು, ಹೇಳುವ ಹಕ್ಕು ಆ ನೆಲದ ಜನರಿಗೆ ಮಾತ್ರ. ಮನೆಯವರು ತಾನೇ ಬನ್ನಿ ಅನ್ನಬೇಕು. ನಾವು ಹೇಳಬಹುದಾದ್ದು ಅಕ್ನಾಲೆಜ್‌ಮೆಂಟ್, ಅಂದರೆ ಇದು ಇಂಥವರ ನೆಲ ಎಂದು ಗೌರವದಿಂದ ನೆನೆಯುವುದು. ಸಿಡ್ನಿಯ ಪ್ಯಾರಮ್ಯಾಟ ಕಡೆಯಾದರೆ ಅದು ಧರುಗ್ ಜನರ ನೆಲ. ಕನ್ನಡದಲ್ಲೇ ಹೇಳಿ, ಏನೂ ತಪ್ಪಿಲ್ಲ. ಜನರ ಹೆಸರಿನ ಉಚ್ಚಾರ ಮೊದಲೇ ಕೇಳಿ ಅಭ್ಯಾಸ ಮಾಡಿಕೊಳ್ಳಿ. ನಿರೂಪಕರು ವೇದಿಕೆಯ ಮೇಲೆ ನಿಂತು ಫೋನಿನಲ್ಲಿ ಹುಡುಕುವುದು ಚೆನ್ನಾಗಿ ಕಾಣುವುದಿಲ್ಲ.

ನಾನು ಒಂದಿಷ್ಟು ಕೇಳಬೇಕು, ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?

ಆಸ್ಟ್ರೇಲಿಯಾದಲ್ಲಿದ್ದರೆ ನೀವಿರುವ ಊರಿನ ಭಾಷೆಯಿಂದಲೇ. ಗಂಬೇ ಎಂಬ ಆನ್‌ಲೈನ್ ನಕ್ಷೆಯಲ್ಲಿ ಅದು ಯಾವುದೆಂದು ಸಿಗುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ "50 ವರ್ಡ್ಸ್" ನಕ್ಷೆಯಲ್ಲಿ ಹಲವು ಭಾಷೆಗಳ ಪದಗಳನ್ನು ಆ ಜನರ ದನಿಯಲ್ಲೇ ಕೇಳಬಹುದು. ಮೈಸೂರಿನಲ್ಲಿ ಕೂತು ಕೇಳಿದರೂ ಣ, ಳ, ಙ ತಕ್ಷಣ ಕಿವಿಗೆ ಸಿಗುತ್ತವೆ. ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದ ಲಿವಿಂಗ್ ಆರ್ಕೈವ್‌ನಲ್ಲಿ ಉತ್ತರದ ದ್ವಿಭಾಷಾ ಶಾಲೆಗಳಿಗಾಗಿ 1970ರ ದಶಕದಿಂದ ಅಚ್ಚಾದ ಸಾವಿರಾರು ಪುಟ್ಟ ಪುಸ್ತಕಗಳನ್ನು ಬಿಟ್ಟಿಯಾಗಿ ಓದಲು ಇಟ್ಟಿದ್ದಾರೆ. ಬಹಳಷ್ಟರಲ್ಲಿ ಚಿತ್ರಗಳಿವೆ, ಕೆಲವಕ್ಕೆ ಇಂಗ್ಲಿಷ್ ಅನುವಾದವೂ ಇದೆ. ಮೀನು ಹಿಡಿದದ್ದು, ನಾಯಿ ಕಳೆದದ್ದು, ಅಜ್ಜಿ ಜೇನು ತೆಗೆದದ್ದು ಇಂಥವನ್ನು ಮೊದಲು ಓದಿ. ದೊಡ್ಡ ಸೃಷ್ಟಿಯ ಕತೆಗಳು ಆಮೇಲೆ ಇದ್ದೇ ಇವೆ.